ಗಾಳಿಗೊಂದು ಅಂಕಪಟ್ಟಿ

ನವೆಂಬರ್ 1 ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಕನ್ನಡ ರಾಜ್ಯೋತ್ಸವ, ಹಳದಿ-ಕೆಂಪು ಬಾವುಟ, ವೇದಿಕೆಯ ಹಾಡು-ಕುಣಿತ. ನಾವು ನೆಲೆಸಿರುವ ಈ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಅದೇ ದಿನಕ್ಕೆ ಇನ್ನೊಂದು ಅರ್ಥವೂ ಇದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗಿನ ನಾಲ್ಕು ತಿಂಗಳು ಇಲ್ಲಿ ಚಳಿಗಾಲದ ಹೊಗೆಯ ಋತು. ಗಾಳಿ ಕೆಡುವ ಸೂಚನೆ ಕಂಡ ದಿನ 'ಸ್ಪೇರ್ ದಿ ಏರ್' ಎಂಬ ಎಚ್ಚರಿಕೆ ಹೊರಡುತ್ತದೆ. 2008ರಲ್ಲಿ ಬಂದ ನಿಯಮದ ಪ್ರಕಾರ ಅಂಥ ದಿನ ಮನೆಯ ಒಳಗಾಗಲಿ ಹೊರಗಾಗಲಿ ಸೌದೆ ಉರಿಸುವಂತಿಲ್ಲ. ನಿಯಮ ಮೀರಿ ಮೊದಲ ಸಲ ಸಿಕ್ಕಿಬಿದ್ದವರು ಹೊಗೆಯ ಕೆಡುಕನ್ನು ತಿಳಿಸುವ ಪಾಠವೊಂದನ್ನು ಓದಬೇಕು, ಇಲ್ಲವೇ 100 ಡಾಲರ್ ದಂಡ ಕಟ್ಟಬೇಕು. ಎರಡನೆಯ ಸಲಕ್ಕೆ ದಂಡ 500 ಡಾಲರ್.

ಇಷ್ಟೆಲ್ಲ ನಿಯಮಗಳಿವೆ ಎಂದ ಮೇಲೆ ಒಂದು ಪ್ರಶ್ನೆ ಏಳುವುದು ಸಹಜ. ಇದರಿಂದ ಗಾಳಿ ಶುದ್ಧವಾಯಿತೇ? ಸರ್ಕಾರ ತನ್ನ ಕೆಲಸ ಸರಿಯಾಗಿ ಮಾಡಿದೆ ಎಂದು ನಾವು ಯಾವ ಆಧಾರದ ಮೇಲೆ ಹೇಳಬೇಕು? ಭಾಷೆ ಕಲಿಸುವ ನನ್ನಂಥವರಿಗೆ ವಿಜ್ಞಾನಿಗಳ ಪಾಂಡಿತ್ಯವಿಲ್ಲ. ಆದರೆ ಮೌಲ್ಯಮಾಪನ ಎಂಬುದು ಶಿಕ್ಷಕರ ದಿನನಿತ್ಯದ ಕೆಲಸ. ಮಗು ಎಷ್ಟು ಕಾಪಿ ಪುಸ್ತಕ ತುಂಬಿಸಿತು ಎಂಬುದು ಒಂದು ಲೆಕ್ಕ. ಅದಕ್ಕೆ ಓದಲು ಬಂತೇ ಎಂಬುದು ಇನ್ನೊಂದು ಲೆಕ್ಕ. ಗಾಳಿಯ ವಿಷಯದಲ್ಲೂ ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ನೋಡಲು ಕಲಿಯಬೇಕು ಎಂಬುದೇ ಈ ಲೇಖನದ ಉದ್ದೇಶ.

ಕಣ್ಣಿಗೆ ಕಾಣದ ಹುಡಿ

ಧೂಳಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ರಸ್ತೆಯದು ಧೂಳು, ಹಿಟ್ಟಿನ ಗಿರಣಿಯದು ಹುಡಿ, ಪಾತ್ರೆಯ ತಳದ್ದು ಮಸಿ, ಹಳ್ಳಿಯ ಅಡುಗೆಮನೆಯ ಜಂತೆಗೆ ಹಿಡಿಯುವುದು ಇಲ್ಲಣ. ಇವೆಲ್ಲ ಕಣ್ಣಿಗೆ ಕಾಣುವಂಥವು. ಇಂದು ಸರ್ಕಾರಗಳನ್ನು ಹೆಚ್ಚು ಚಿಂತೆಗೀಡು ಮಾಡಿರುವ ಧೂಳು ಕಣ್ಣಿಗೆ ಕಾಣದು. ಅದಕ್ಕೆ ಪಿ.ಎಂ. 2.5 ಎಂದು ಹೆಸರು. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಅಡ್ಡಳತೆಯ ಕಣಗಳು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಸಿಗುವುದು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂಥ ಸುಮಾರು ಮೂವತ್ತು ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಕೂದಲಿನ ಅಗಲ ತುಂಬೀತು.

ಇವು ಹುಟ್ಟುವುದು ಎರಡು ಬಗೆಯಲ್ಲಿ. ಸೌದೆ, ಡೀಸೆಲ್, ಕಾಡು, ಕಸ ಏನೇ ಉರಿದರೂ ಹೊಗೆಯ ಜೊತೆಗೆ ನೇರವಾಗಿ ಹೊರಬರುವುದು ಮೊದಲನೆಯ ಬಗೆ. ವಾಹನ ಮತ್ತು ಕಾರ್ಖಾನೆಗಳಿಂದ ಹೊರಟ ಅನಿಲಗಳು ಗಾಳಿಯಲ್ಲಿ ಒಂದರೊಡನೊಂದು ಕೂಡಿ ಕಣಗಳಾಗುವುದು ಎರಡನೆಯ ಬಗೆ. ಆದ್ದರಿಂದ ಚಿಮಣಿಯಲ್ಲಿ ಹೊಗೆ ಕಾಣದಿದ್ದ ಮಾತ್ರಕ್ಕೆ ಧೂಳು ಹುಟ್ಟಲಿಲ್ಲ ಎನ್ನುವಂತಿಲ್ಲ.

ದಪ್ಪ ಧೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ತಡೆಯುತ್ತವೆ. ಈ ಸೂಕ್ಷ್ಮ ಕಣಗಳು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ. ಅಸ್ತಮಾ ಕೆರಳುವುದು, ಹೃದಯಾಘಾತ, ಪಾರ್ಶ್ವವಾಯು ಇವುಗಳಿಗೂ ಈ ಧೂಳಿಗೂ ಸಂಬಂಧವಿದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಎಂದು ನಮ್ಮ ಗಾದೆ ಕೇಳುತ್ತದೆ. ಎದೆಯೊಳಗಿನ ಧೂಳಿಗೆ ಮಾತ್ರ ಕನ್ನಡಿ ಬೇಕೇ ಬೇಕು. ಅಳತೆಯ ಯಂತ್ರಗಳೇ ಆ ಕನ್ನಡಿ.

ಅಳತೆಗೋಲು ಯಾವುದು?

ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಸೂಕ್ಷ್ಮ ಧೂಳಿದೆ ಎಂಬುದೇ ಮೂಲ ಅಳತೆ. ಎಷ್ಟಿದ್ದರೆ ಸಹಿಸಬಹುದು ಎಂಬ ಮಿತಿ ಮಾತ್ರ ಕಾಲಕಾಲಕ್ಕೆ, ದೇಶದೇಶಕ್ಕೆ ಬದಲಾಗಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇ.ಪಿ.ಎ., ಪಿ.ಎಂ. 2.5ಕ್ಕೆ ಮೊದಲ ಬಾರಿ ಮಿತಿ ಹಾಕಿದ್ದು 1997ರಲ್ಲಿ. ಆಗ ವರ್ಷದ ಸರಾಸರಿ ಮಿತಿ 15 ಮೈಕ್ರೋಗ್ರಾಂ, ಒಂದು ದಿನದ ಮಿತಿ 65. 2006ರಲ್ಲಿ ದಿನದ ಮಿತಿಯನ್ನು 35ಕ್ಕೆ ಇಳಿಸಿದರು. ವರ್ಷದ ಮಿತಿಯನ್ನು 2012ರಲ್ಲಿ 12ಕ್ಕೂ, 2024ರಲ್ಲಿ 9ಕ್ಕೂ ಇಳಿಸಿದರು. ಈ ಕೊನೆಯ ನಿರ್ಧಾರ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷಕ್ಕೆ 5, ದಿನಕ್ಕೆ 15 ಮೀರಬಾರದು ಎಂದು ಸಲಹೆ ಮಾಡಿತು. ಭಾರತ 2009ರಲ್ಲಿ ನಿಗದಿ ಮಾಡಿದ ಮಿತಿ ವರ್ಷಕ್ಕೆ 40, ದಿನಕ್ಕೆ 60.

ಇಲ್ಲಿ ನಮ್ಮ ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದಾಗ ಫೋನಿನಲ್ಲಿ ಗಾಳಿಯ ಸೂಚ್ಯಂಕ ನೋಡುತ್ತೇವೆ. ಗಾಳಿಯಲ್ಲಿ 60 ಮೈಕ್ರೋಗ್ರಾಂ ಸೂಕ್ಷ್ಮ ಧೂಳಿದ್ದರೆ ಭಾರತದ ಸೂಚ್ಯಂಕ 100 ಎಂದು ತೋರಿಸಿ 'ತೃಪ್ತಿಕರ' ಎನ್ನುತ್ತದೆ. ಅದೇ ಗಾಳಿಗೆ ಅಮೆರಿಕದ ಸೂಚ್ಯಂಕ 150 ದಾಟಿ 'ಅನಾರೋಗ್ಯಕರ' ಎನ್ನುತ್ತದೆ. ಗಾಳಿ ಒಂದೇ, ಎಳೆದುಕೊಳ್ಳುವ ಮಗುವೂ ಒಂದೇ, ಅಂಕ ಕೊಡುವ ಮೇಷ್ಟ್ರು ಮಾತ್ರ ಬೇರೆ. ಅಮೆರಿಕವೂ 2024ರಲ್ಲಿ ತನ್ನ ಸೂಚ್ಯಂಕದ ಮನೆಗಳನ್ನು ತಿದ್ದಿದೆ. ಮೊದಲು 12 ಮೈಕ್ರೋಗ್ರಾಂವರೆಗೆ ಹಸಿರು ಬಣ್ಣವಿತ್ತು, ಈಗ 9ರವರೆಗೆ ಮಾತ್ರ. ಆದ್ದರಿಂದ ಹಳೆಯ ವರ್ಷಗಳ ಹಸಿರು ದಿನಗಳನ್ನೂ ಈಗಿನ ಹಸಿರು ದಿನಗಳನ್ನೂ ಹಾಗೆಯೇ ಹೋಲಿಸುವಂತಿಲ್ಲ. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಬಣ್ಣವನ್ನು ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನೇ ನೋಡಬೇಕು.

ನಾಲ್ಕು ಮೆಟ್ಟಿಲಿನ ಲೆಕ್ಕ

ಸರ್ಕಾರದ ಒಂದು ಕ್ರಮ ಫಲ ಕೊಟ್ಟಿತೇ ಎಂದು ನೋಡಲು ನಾಲ್ಕು ಮೆಟ್ಟಿಲು ಹತ್ತಬೇಕು.

ಮೊದಲನೆಯದು ಕೆಲಸದ ಲೆಕ್ಕ: ಎಷ್ಟು ನಿಯಮ ಮಾಡಿದರು, ಎಷ್ಟು ಹಣ ಖರ್ಚು ಮಾಡಿದರು, ಎಷ್ಟು ದಂಡ ಹಾಕಿದರು.
ಎರಡನೆಯದು ಹೊಗೆಯ ಲೆಕ್ಕ: ಲಾರಿಯ ಕೊಳವೆಯಿಂದ, ಕಾರ್ಖಾನೆಯ ಚಿಮಣಿಯಿಂದ, ಮನೆಯ ಒಲೆಯಿಂದ ಹೊರಬರುವ ಧೂಳು ಕಡಿಮೆಯಾಯಿತೇ.
ಮೂರನೆಯದು ಗಾಳಿಯ ಲೆಕ್ಕ: ಜನ ಓಡಾಡುವ ಜಾಗದ ಗಾಳಿಯಲ್ಲಿ ಧೂಳು ಇಳಿಯಿತೇ.
ನಾಲ್ಕನೆಯದು ಉಸಿರಿನ ಲೆಕ್ಕ: ಜನರ ಆರೋಗ್ಯ ಸುಧಾರಿಸಿತೇ, ಮುಖ್ಯವಾಗಿ ಹೆಚ್ಚು ಧೂಳು ಕುಡಿಯುತ್ತಿದ್ದವರದು.

ಸರ್ಕಾರದ ವರದಿಗಳು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲೇ ಕುಳಿತು ಬೆನ್ನು ತಟ್ಟಿಕೊಳ್ಳುತ್ತವೆ. ಮೇಲಿನ ಮೆಟ್ಟಿಲು ಹತ್ತಿಸುವುದು ಪ್ರಜೆಗಳ ಕೆಲಸ. ಅಲ್ಲಿಯವರೆಗೆ ಲೆಕ್ಕ ಸಿಗುವುದುಂಟೇ ಎಂದು ಕೇಳಿದರೆ, ಉಂಟು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಐದು ಊರುಗಳ 2,120 ಮಕ್ಕಳನ್ನು 11ರಿಂದ 15ನೆಯ ವಯಸ್ಸಿನವರೆಗೆ ಪರೀಕ್ಷಿಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಇವರು 1990ರ ದಶಕದ ಮಧ್ಯದಿಂದ 2011ರವರೆಗಿನ ಮೂರು ತಂಡಗಳ ಮಕ್ಕಳು. 15ನೆಯ ವಯಸ್ಸಿನಲ್ಲಿ ಶ್ವಾಸಕೋಶದ ಶಕ್ತಿ ಗಣನೀಯವಾಗಿ ಕಡಿಮೆಯಿದ್ದ ಮಕ್ಕಳ ಪ್ರಮಾಣ ಮೊದಲ ತಂಡದಲ್ಲಿ ಶೇಕಡಾ 7.9, ಎರಡನೆಯದರಲ್ಲಿ 6.3, ಮೂರನೆಯದರಲ್ಲಿ 3.6. ಅದೇ ಅವಧಿಯಲ್ಲಿ ಆ ಊರುಗಳ ಗಾಳಿಯಲ್ಲಿ ಸೂಕ್ಷ್ಮ ಧೂಳು ಇಳಿದಿತ್ತು. ಗಾಳಿ ಸುಧಾರಿಸಿದರೆ ಮಕ್ಕಳ ಎದೆ ಬಲಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಈ ಮೆಟ್ಟಿಲುಗಳನ್ನು ಇಟ್ಟುಕೊಂಡು ನಮ್ಮ ಬೇ ಏರಿಯಾದ ನಾಲ್ಕು ಉದಾಹರಣೆಗಳನ್ನು ನೋಡೋಣ.

ಮನೆಯ ಬೆಂಕಿಗೂಡು

ಬೇ ಏರಿಯಾದ ಒಂಬತ್ತು ಕೌಂಟಿಗಳ ಗಾಳಿಯನ್ನು ನೋಡಿಕೊಳ್ಳುವುದು ಏರ್ ಡಿಸ್ಟ್ರಿಕ್ಟ್. 1955ರಲ್ಲಿ ಹುಟ್ಟಿದ ಈ ಸಂಸ್ಥೆ ಹಲವು ಕೌಂಟಿಗಳಿಗೆ ಸೇರಿ ಒಂದೇ ಎಂಬಂತೆ ದೇಶದಲ್ಲೇ ಮೊದಲು ಸ್ಥಾಪನೆಯಾದದ್ದು. ಚಳಿಗಾಲದ ಸೂಕ್ಷ್ಮ ಧೂಳಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಸೌದೆಯ ಹೊಗೆಯಿಂದ ಬರುತ್ತದೆ ಎಂದು ಅದು ಅಂದಾಜು ಮಾಡಿತ್ತು. ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಂತು, ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಹೊಗೆ ಮೇಲೇರದೆ ಬೀದಿಯಲ್ಲೇ ಸುಳಿದಾಡುತ್ತದೆ. ಅದಕ್ಕೇ 2008ರ ನಿಯಮ. 2016ರ ನವೆಂಬರ್‌ನಿಂದ ಹೊಸದಾಗಿ ಕಟ್ಟುವ ಮನೆಗಳಲ್ಲಿ ಸೌದೆಯ ಬೆಂಕಿಗೂಡನ್ನೇ ನಿಷೇಧಿಸಲಾಯಿತು. 2019ರ ತಿದ್ದುಪಡಿಯಿಂದ ಗಾಳಿ ಕೆಟ್ಟ ಯಾವ ದಿನಕ್ಕಾದರೂ, ಅದು ಬೇಸಿಗೆಯಾದರೂ, ಈ ನಿಷೇಧ ಅನ್ವಯಿಸುತ್ತದೆ.

ಇದಕ್ಕೆ ಎಷ್ಟು ಅಂಕ? ಬೇ ಏರಿಯಾ ದಿನದ ಮಿತಿಯನ್ನು ಮೀರಿದ ಪ್ರದೇಶ ಎಂದು ಇ.ಪಿ.ಎ. 2009ರಲ್ಲಿ ಗುರುತಿಸಿತ್ತು. ಅಳತೆಗಳು ಈಗ ಮಿತಿಯೊಳಗಿವೆ ಎಂದು ಅದೇ ಸಂಸ್ಥೆ 2013ರಲ್ಲಿ ಒಪ್ಪಿಕೊಂಡಿತು. ಮೂರನೆಯ ಮೆಟ್ಟಿಲಿಗೆ ಇದು ಒಳ್ಳೆಯ ಸಾಕ್ಷಿ. ಆದರೂ ಎಚ್ಚರ ಬೇಕು. ಮಳೆ ಚೆನ್ನಾಗಿ ಬಿದ್ದ ವರ್ಷ ಧೂಳು ತಾನಾಗಿಯೇ ತೊಳೆದುಹೋಗುತ್ತದೆ. ಬರಗಾಲದ 2013-14ರ ಚಳಿಗಾಲದಲ್ಲಿ ನಿಯಮ ಅದೇ ಇದ್ದರೂ ಎಚ್ಚರಿಕೆಯ ದಿನಗಳು ಹೆಚ್ಚಿದವು. ಹಾಗಾಗಿ ಒಂದು ವರ್ಷದ ಅಂಕಿ ನೋಡಿ ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಇ.ಪಿ.ಎ. ಕೂಡ ಮೂರು ವರ್ಷಗಳ ಅಳತೆಯನ್ನು ಸರಾಸರಿ ಮಾಡಿಯೇ ತೀರ್ಮಾನಿಸುತ್ತದೆ.

ಹೊಗೆ ನಿಜಕ್ಕೂ ಸೌದೆಯದೇ ಎಂದು ತಿಳಿಯುವ ಉಪಾಯವೂ ಇದೆ. ಮರ ಉರಿದಾಗ ಹುಟ್ಟುವ, ಸಕ್ಕರೆಯ ಜಾತಿಗೆ ಸೇರಿದ ಲೆವೊಗ್ಲುಕೋಸಾನ್ ಎಂಬ ರಾಸಾಯನಿಕವನ್ನು ಧೂಳಿನಲ್ಲಿ ಹುಡುಕುತ್ತಾರೆ. ಡೀಸೆಲ್ ಹೊಗೆಯಲ್ಲಿ ಅದು ಇರುವುದಿಲ್ಲ. ಇನ್ನು ನಾಲ್ಕನೆಯ ಮೆಟ್ಟಿಲಿಗೆ ಬೆಟ್ಟದಾಚೆಯ ಸ್ಯಾನ್ ವಾಕೀನ್ ಕಣಿವೆಯ ಉದಾಹರಣೆಯಿದೆ. ಅಲ್ಲಿ ಸೌದೆಯ ಮೇಲಿನ ನಿರ್ಬಂಧ 2003ರಲ್ಲೇ ಬಿಗಿಯಾಯಿತು. ನಿಯಮಕ್ಕೆ ಮೊದಲಿನ ಮತ್ತು ನಂತರದ ಚಳಿಗಾಲಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸೂಕ್ಷ್ಮ ಧೂಳು ಶೇಕಡಾ 12ರಷ್ಟು ಇಳಿದಿತ್ತು. 65 ವರ್ಷ ದಾಟಿದವರು ಹೃದಯ-ರಕ್ತನಾಳದ ಕಾಯಿಲೆಯಿಂದ ಆಸ್ಪತ್ರೆ ಸೇರುವುದು ಶೇಕಡಾ 7ರಷ್ಟು ಇಳಿದಿತ್ತು. ನಮ್ಮೊಡನೆ ಇಲ್ಲಿಗೆ ಬಂದು ಇರುವ ಅಜ್ಜ-ಅಜ್ಜಿಯರನ್ನು ನೆನೆದರೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಓಕ್ಲೆಂಡ್ ಬಂದರಿನ ಲಾರಿಗಳು

ಫ್ರಿಮಾಂಟ್ ಕಡೆಯಿಂದ 880 ಹೆದ್ದಾರಿಯಲ್ಲಿ ಓಕ್ಲೆಂಡಿಗೆ ಹೋಗುವಾಗ ಸಾಲುಸಾಲು ಲಾರಿಗಳು ಕಾಣುತ್ತವೆ. ಓಕ್ಲೆಂಡಿನ ಬೆಟ್ಟದ ಮಗ್ಗುಲಲ್ಲೇ ಸಾಗುವ 580 ಹೆದ್ದಾರಿಯಲ್ಲಿ ಭಾರದ ಲಾರಿಗಳಿಗೆ ದಶಕಗಳಿಂದ ಪ್ರವೇಶವಿಲ್ಲ. ಆ ಭಾರವೆಲ್ಲ ತಗ್ಗಿನ ಬಡಾವಣೆಗಳ ಬದಿಯ 880ರ ಮೇಲೆ ಬೀಳುತ್ತದೆ. ಬಂದರಿನ ಪಕ್ಕದ ವೆಸ್ಟ್ ಓಕ್ಲೆಂಡ್ ಮೂರು ಕಡೆಯೂ ಹೆದ್ದಾರಿಗಳಿಂದ ಸುತ್ತುವರಿದ ಊರು. ಅಲ್ಲಿನ ಮಾರ್ಗರೆಟ್ ಗಾರ್ಡನ್ ಎಂಬ ಮಹಿಳೆ ನೆರೆಹೊರೆಯವರೊಡನೆ ಸೇರಿ ಹೊಗೆಯ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದರು. ಲಾರಿಗಳನ್ನು ತಾವೇ ಎಣಿಸಿ ದಾಖಲೆ ಇಟ್ಟದ್ದು ಆ ಊರಿನ ಜನರ ಹೋರಾಟದ ಒಂದು ವಿಶೇಷ.

ಬಂದರಿಗೆ ಬರುವ ಡೀಸೆಲ್ ಲಾರಿಗಳಿಗೆ ಧೂಳುಸೋಸುಕ ಅಥವಾ ಹೊಸ ಎಂಜಿನ್ ಇರಲೇಬೇಕು ಎಂಬ ರಾಜ್ಯದ ನಿಯಮ 2010ರ ಜನವರಿಯಿಂದ ಜಾರಿಗೆ ಬಂತು. ಆಗ ಬರ್ಕ್ಲಿಯ ಸಂಶೋಧಕರು ಒಂದು ಜಾಣ ಕೆಲಸ ಮಾಡಿದರು. ನಿಯಮ ಬರುವ ಮೊದಲೇ, 2009ರಲ್ಲಿ, ಬಂದರಿನ ದಾರಿಯ ಮೇಲ್ಸೇತುವೆಯೊಂದರ ಮೇಲೆ ಯಂತ್ರ ಇಟ್ಟು ಕೆಳಗೆ ಹಾದುಹೋಗುವ ಒಂದೊಂದು ಲಾರಿಯ ಹೊಗೆಯನ್ನೂ ಅಳೆದರು. 2013ರವರೆಗೆ ಮತ್ತೆಮತ್ತೆ ಅಳೆದರು. ಸೋಸುಕವಿದ್ದ ಲಾರಿಗಳು ಶೇಕಡಾ 2ರಿಂದ 99ಕ್ಕೆ ಏರಿದ್ದವು. ಒಂದು ಲಾರಿ ಸರಾಸರಿ ಉಗುಳುವ ಕಪ್ಪು ಮಸಿ ಶೇಕಡಾ 76ರಷ್ಟು ಇಳಿದಿತ್ತು. 'ಮೊದಲು' ಎಷ್ಟಿತ್ತು ಎಂದು ಅಳೆದಿಟ್ಟುಕೊಳ್ಳದಿದ್ದರೆ 'ಆಮೇಲೆ' ಎಷ್ಟಾಯಿತು ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ.

ಆದರೆ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಅದೇ ತಂಡ ಅಳೆದಾಗ ಕೆಲವು ಸೋಸುಕಗಳು ಹಳತಾಗಿ ಕೆಟ್ಟಿರುವುದು ಕಂಡುಬಂತು. ಸ್ವಲ್ಪವೇ ಲಾರಿಗಳು ಒಟ್ಟು ಹೊಗೆಯ ದೊಡ್ಡ ಪಾಲನ್ನು ಉಗುಳುತ್ತಿದ್ದವು. ಲಾರಿಗಳು ಸೋಸುಕವನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿವೆಯೇ ಎಂದು ಪರೀಕ್ಷಿಸುವ ರಾಜ್ಯದ ಕಾರ್ಯಕ್ರಮ ಆ ನಂತರ, 2023ರಿಂದ ಹಂತಹಂತವಾಗಿ ಬಂದದ್ದು.

ಇನ್ನೊಂದು ಮಾತು. ಇಡೀ ಬೇ ಏರಿಯಾದ ಸರಾಸರಿ ಚೆನ್ನಾಗಿದ್ದರೂ ಒಂದು ಬೀದಿಯ ಗಾಳಿ ಕೆಟ್ಟಿರಬಹುದು. 2015-16ರಲ್ಲಿ ಗೂಗಲ್‌ನ ಬೀದಿ ಚಿತ್ರ ತೆಗೆಯುವ ಕಾರುಗಳಿಗೆ ಅಳತೆಯ ಯಂತ್ರ ಕಟ್ಟಿ ಓಕ್ಲೆಂಡಿನ ಬೀದಿಬೀದಿ ಸುತ್ತಿಸಿದಾಗ, ಒಂದೇ ಬೀದಿಯ ಎರಡು ತುದಿಗಳ ನಡುವೆಯೂ ಕೆಲವೆಡೆ ಐದರಿಂದ ಎಂಟು ಪಟ್ಟು ವ್ಯತ್ಯಾಸ ಕಂಡಿತು. ದೀಪದ ಕೆಳಗೆ ಕತ್ತಲು ಎನ್ನುವುದು ಇದಕ್ಕೇ. ತರಗತಿಯ ಸರಾಸರಿ ಅಂಕ 80 ಇದ್ದರೂ ಹಿಂದಿನ ಬೆಂಚಿನ ಮಗು ಅನುತ್ತೀರ್ಣವಾಗಿರಬಹುದಲ್ಲವೇ? ರಾಜ್ಯ 2017ರಲ್ಲಿ ಮಾಡಿದ ಕಾನೂನಿನಂತೆ ಇಂಥ ಊರುಗಳಿಗೆ ಪ್ರತ್ಯೇಕ ಯೋಜನೆ ಮಾಡಬೇಕಾಯಿತು. ವೆಸ್ಟ್ ಓಕ್ಲೆಂಡಿನ ಯೋಜನೆ 2019ರಲ್ಲಿ ಅಂಗೀಕಾರವಾಯಿತು.

ರಿಚ್ಮಂಡ್‌ನ ಚಿಮಣಿ, ಕುಪರ್ಟಿನೋದ ಗೂಡು

2012ರ ಆಗಸ್ಟ್ 6ರಂದು ರಿಚ್ಮಂಡ್‌ನ ಷೆವ್ರಾನ್ ತೈಲಾಗಾರದಲ್ಲಿ ಬೆಂಕಿ ಬಿದ್ದಾಗ ಸುಮಾರು 15,000 ಜನ ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಹೋದರು. ಅದು ಆಕಸ್ಮಿಕ. ಅದಿಲ್ಲದೆಯೂ ದಿನನಿತ್ಯ ತೈಲಾಗಾರದ ದೊಡ್ಡ ಘಟಕಗಳಿಂದ ಸೂಕ್ಷ್ಮ ಧೂಳು ಬರುತ್ತಿರುತ್ತದೆ. ಅದನ್ನು ತಗ್ಗಿಸುವ ಕಟ್ಟುನಿಟ್ಟಾದ ನಿಯಮವನ್ನು ಏರ್ ಡಿಸ್ಟ್ರಿಕ್ಟ್ 2021ರ ಜುಲೈನಲ್ಲಿ ಅಂಗೀಕರಿಸಿತು. ಷೆವ್ರಾನ್ ಮತ್ತು ಮಾರ್ಟಿನೆಜ್ ತೈಲಾಗಾರಗಳು ನ್ಯಾಯಾಲಯಕ್ಕೆ ಹೋದವು. 2024ರ ಫೆಬ್ರವರಿಯಲ್ಲಿ ರಾಜಿಯಾಗಿ, ಎರಡೂ ನಿಯಮ ಪಾಲಿಸಲು ಒಪ್ಪಿದವು. ಹಿಂದಿನ ಇತರ ಉಲ್ಲಂಘನೆಗಳಿಗಾಗಿ ಷೆವ್ರಾನ್ ಸುಮಾರು 2 ಕೋಟಿ ಡಾಲರ್ ದಂಡಕ್ಕೂ ಒಪ್ಪಿತು. ಕೆಲಸದ ಲೆಕ್ಕದಲ್ಲಿ ಇದು ದೊಡ್ಡ ಗೆಲುವು. ಆದರೆ ಎರಡನೆಯ ಮೆಟ್ಟಿಲಿನ ಅಂಕವನ್ನು ಚಿಮಣಿಯ ಅಳತೆ ನೋಡಿಯೇ ಕೊಡಬೇಕು. ಒಪ್ಪಂದದ ಕಾಗದ ನೋಡಿ ಕೊಡುವುದಲ್ಲ. ನಿಯಮಕ್ಕೂ ರಾಜಿಗೂ ನಡುವೆ ಕಳೆದ ಎರಡೂವರೆ ವರ್ಷ ರಿಚ್ಮಂಡ್‌ನ ಮಕ್ಕಳು ಉಸಿರಾಡುವುದನ್ನು ನಿಲ್ಲಿಸಿರಲಿಲ್ಲ. ತಡವೂ ಲೆಕ್ಕಕ್ಕೆ ಬರಬೇಕು.

ಕುಪರ್ಟಿನೋ ಬೆಟ್ಟದ ಸಿಮೆಂಟ್ ಕಾರ್ಖಾನೆಯ ಕಥೆ ಬೇರೆ. 1939ರಲ್ಲಿ ಆರಂಭವಾಗಿ ಶಾಸ್ತಾ ಅಣೆಕಟ್ಟಿಗೆ ಸಿಮೆಂಟ್ ಒದಗಿಸಿದ ಆ ಕಾರ್ಖಾನೆಯ ಸುಡುಗೂಡು 2020ರಲ್ಲಿ ನಿಂತಿತು. ಸಿಮೆಂಟ್ ತಯಾರಿಕೆಯನ್ನು ಮತ್ತೆ ಆರಂಭಿಸುವುದಿಲ್ಲ ಎಂದು ಕಂಪನಿ 2022ರಲ್ಲಿ ಪ್ರಕಟಿಸಿತು. ಸುತ್ತಲಿನ ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಇದರ ಅಂಕ ಯಾರಿಗೆ? ಸರ್ಕಾರದ ನಿಯಮಕ್ಕೋ, ಊರಿನವರ ಹೋರಾಟಕ್ಕೋ, ಕಂಪನಿಯ ವ್ಯಾಪಾರದ ಲೆಕ್ಕಾಚಾರಕ್ಕೋ? ಗಾಳಿ ಸುಧಾರಿಸಿದ್ದು ನಿಜವಾದರೂ ಅದಕ್ಕೆ ಕಾರಣ ತಾನೇ ಎಂದು ಯಾರಾದರೂ ಹೇಳಿಕೊಂಡಾಗ ಸ್ವಲ್ಪ ಯೋಚಿಸಿ ನಂಬಬೇಕು.

ಕಾಡಿನ ಬೆಂಕಿ: ಲೆಕ್ಕಕ್ಕೆ ಸಿಗದ ದಿನಗಳು

2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಕಾಡ್ಗಿಚ್ಚಿನ ಹೊಗೆ ಇಲ್ಲಿಯವರೆಗೂ ಹರಡಿ, ನವೆಂಬರ್ 16ರಂದು ಬೇ ಏರಿಯಾದ ಅನೇಕ ಶಾಲೆಗಳನ್ನು ಮುಚ್ಚಬೇಕಾಯಿತು. 2020ರಲ್ಲಿ ಆಗಸ್ಟ್ 18ರಿಂದ ಸತತ 30 ದಿನ 'ಸ್ಪೇರ್ ದಿ ಏರ್' ಎಚ್ಚರಿಕೆ ಜಾರಿಯಲ್ಲಿತ್ತು. ಸೆಪ್ಟೆಂಬರ್ 9ರಂದು ಹಗಲಿನಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ನಮ್ಮ ಹಿರಿಯ ತರಗತಿಯ ಮಕ್ಕಳು ಮರೆತಿರಲಾರರು.

ಇಂಥ ದಿನಗಳ ಅಳತೆಯನ್ನು 'ಅಸಾಧಾರಣ ಘಟನೆ' ಎಂದು ಸಾಬೀತು ಮಾಡಿದರೆ ಮಿತಿಯ ಲೆಕ್ಕದಿಂದ ಬಿಟ್ಟುಬಿಡಲು ಇ.ಪಿ.ಎ. ನಿಯಮದಲ್ಲಿ ಅವಕಾಶವಿದೆ. ಜ್ವರ ಬಂದ ದಿನ ಬರೆದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯದ ಹಾಗೆ. ಇದರಲ್ಲಿ ನ್ಯಾಯವೂ ಇದೆ. ಸಿಡಿಲು ಬಡಿದು ಹತ್ತಿದ ಬೆಂಕಿಗೆ ಓಕ್ಲೆಂಡಿನ ಲಾರಿ ಮಾಲೀಕರನ್ನು ದಂಡಿಸುವುದು ಸರಿಯಲ್ಲ. ಆದರೆ ಶ್ವಾಸಕೋಶಕ್ಕೆ ಈ ರಿಯಾಯಿತಿ ಗೊತ್ತಿಲ್ಲ. ಕಡತದಲ್ಲಿ ಬಿಟ್ಟುಹೋದ 30 ದಿನಗಳೂ ಮಕ್ಕಳ ಎದೆಯಲ್ಲಿ ಜಮೆಯಾಗಿರುತ್ತವೆ. ಆದ್ದರಿಂದ ನಾವು ಎರಡು ಅಂಕಿಗಳನ್ನು ಕೇಳಬೇಕು: ಕಾಡಿನ ಹೊಗೆ ಬಿಟ್ಟು ಎಷ್ಟು, ಸೇರಿಸಿ ಎಷ್ಟು. ಮೊದಲನೆಯದು ವಾಹನ, ಕಾರ್ಖಾನೆ, ಬೆಂಕಿಗೂಡುಗಳ ಮೇಲಿನ ನಿಯಮಗಳಿಗೆ ಅಂಕ. ಎರಡನೆಯದು ಅರಣ್ಯ ನಿರ್ವಹಣೆಗೂ ಸೇರಿದ ಅಂಕ.

ಕಾಡನ್ನು ನೋಡಿಕೊಳ್ಳುವ ಕೆಲಸದಲ್ಲೂ ಒಂದು ಇಕ್ಕಟ್ಟಿದೆ. ದೊಡ್ಡ ಬೆಂಕಿ ತಪ್ಪಿಸಲು ತೇವವಿರುವ ಕಾಲದಲ್ಲಿ ಒಣ ತರಗೆಲೆ, ಪೊದೆಗಳನ್ನು ಹದವಾಗಿ ಸುಡಬೇಕಾಗುತ್ತದೆ. ಬಂಡೀಪುರದಲ್ಲಿ ಬೇಸಿಗೆಗೆ ಮೊದಲು ಬೆಂಕಿರೇಖೆ ತೆಗೆಯುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಹೀಗೆ ಸುಡುವುದು, ಮರ ಸವರುವುದು ಸೇರಿ ವರ್ಷಕ್ಕೆ 10 ಲಕ್ಷ ಎಕರೆ ಕಾಡನ್ನು 2025ರ ಹೊತ್ತಿಗೆ ಸಜ್ಜುಗೊಳಿಸುವ ಗುರಿಯನ್ನು ಕ್ಯಾಲಿಫೋರ್ನಿಯಾ ಮತ್ತು ಕೇಂದ್ರದ ಅರಣ್ಯ ಸೇವೆ 2020ರಲ್ಲಿ ಹಾಕಿಕೊಂಡವು. ಇಂದಿನ ಸ್ವಲ್ಪ ಹೊಗೆಯಿಂದ ನಾಳಿನ ಬಹಳ ಹೊಗೆ ತಪ್ಪುವುದಾದರೆ ಅದನ್ನು ನಷ್ಟ ಎಂದು ಬರೆಯಲಾಗದು.

ನಮ್ಮ ಊರಿನ ಅಂಕಪಟ್ಟಿ

ತವರಿನ ಕಡೆಗೂ ಇದೇ ಕಣ್ಣಿನಿಂದ ನೋಡೋಣ. ಭಾರತ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಅದರಲ್ಲಿ ಸೇರಿದವು. ಆದರೆ ನಗರಗಳ ಸಾಧನೆಯನ್ನು ಅಳೆದದ್ದು ಮುಖ್ಯವಾಗಿ ಪಿ.ಎಂ. 10ರಿಂದ, ಅಂದರೆ 10 ಮೈಕ್ರಾನ್‌ವರೆಗಿನ ದಪ್ಪ ಧೂಳನ್ನೂ ಸೇರಿಸಿಕೊಂಡು. ಪರಿಣಾಮ ಏನಾಯಿತು? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಮಾಡಿದ ವಿಶ್ಲೇಷಣೆಯಂತೆ ಖರ್ಚಾದ ಹಣದಲ್ಲಿ ಶೇಕಡಾ 64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೆ ಹೋಗಿತ್ತು. ಕಾರ್ಖಾನೆಗಳ ಹೊಗೆಗೆ ಹೋದದ್ದು ಶೇಕಡಾ 1ಕ್ಕೂ ಕಡಿಮೆ. ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಮಕ್ಕಳು ಅದನ್ನೇ ಓದುತ್ತಾರೆ; ನಗರಸಭೆಗಳೂ ಹಾಗೆಯೇ. ರಸ್ತೆ ಗುಡಿಸುವ ಯಂತ್ರದಿಂದ ದಪ್ಪ ಧೂಳು ಇಳಿಯಬಹುದು. ಡೀಸೆಲ್ ಹೊಗೆಯನ್ನು ಗುಡಿಸಲು ಬರುವುದಿಲ್ಲ.

ಅದೇ ಭಾರತ 2020ರ ಏಪ್ರಿಲ್ 1ರಿಂದ ಇಡೀ ದೇಶದಲ್ಲಿ ಒಂದು ಹಂತ ಹಾರಿ ಬಿ.ಎಸ್. 6 ಇಂಧನಕ್ಕೆ ಬಂತು. ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗಂಧಕ ಕಡಿಮೆಯಿದ್ದರೆ ಮಾತ್ರ ಲಾರಿಯ ಸೋಸುಕ ಬಾಳುತ್ತದೆ. ಇದು ಹೊಗೆಯ ಮೂಲಕ್ಕೇ ಕೈ ಹಾಕಿದ ಕ್ರಮ, ಮೆಚ್ಚಬೇಕಾದದ್ದು. ನಮ್ಮ ಊರಿನದು ಎಂದ ಮಾತ್ರಕ್ಕೆ ಎಲ್ಲವನ್ನೂ ಹೊಗಳುವುದೂ ಬೇಡ, ಇಲ್ಲಿಗೆ ಬಂದು ನೆಲೆಸಿದ ಮಾತ್ರಕ್ಕೆ ಎಲ್ಲವನ್ನೂ ಹಳಿಯುವುದೂ ಬೇಡ.

ಇಲ್ಲಿಯೂ ಎಲ್ಲ ಸರ್ಕಾರಗಳು ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಬೆಂಕಿಗೂಡು ಮತ್ತು ಕಾರ್ಖಾನೆ ಏರ್ ಡಿಸ್ಟ್ರಿಕ್ಟಿಗೆ, ವಾಹನಗಳ ಬಹುಪಾಲು ನಿಯಮ ರಾಜ್ಯಕ್ಕೆ, ಮಿತಿಯ ಅಂಕಿ ಕೇಂದ್ರಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾದ ಕೆಲವು ವಾಹನ ನಿಯಮಗಳಿಗೆ ಕೊಟ್ಟಿದ್ದ ಅನುಮತಿಯನ್ನು ಕೇಂದ್ರ 2025ರ ಜೂನ್‌ನಲ್ಲಿ ರದ್ದು ಮಾಡಿತು. ರಾಜ್ಯ ನ್ಯಾಯಾಲಯಕ್ಕೆ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾದಾಗ ಯಾರ ಪಾಲಿನ ಕೆಲಸ ಯಾವುದು ಎಂದು ತಿಳಿದಿದ್ದರೆ ಮಾತ್ರ ಸರಿಯಾದವರನ್ನು ಪ್ರಶ್ನಿಸಬಹುದು.

ಮನೆಯ ಒಳಗಿನ ಲೆಕ್ಕ

ಸರ್ಕಾರಕ್ಕೆ ಅಂಕ ಕೊಡುವಾಗ ನಮ್ಮ ಮನೆಯನ್ನೂ ಮರೆಯಬಾರದು. ಒಗ್ಗರಣೆಯ ಹೊಗೆ, ಊದುಬತ್ತಿ, ಧೂಪ, ಕರ್ಪೂರ ಇವೂ ಸೂಕ್ಷ್ಮ ಧೂಳೇ. ಕಿಟಕಿ ಮುಚ್ಚಿದ ಚಳಿಗಾಲದ ಮನೆಯಲ್ಲಿ ಅವು ಬೇಗ ಇಳಿಯುವುದಿಲ್ಲ. ಪೂಜೆ ಬಿಡಬೇಕಿಲ್ಲ, ಒಗ್ಗರಣೆಯಿಲ್ಲದೆ ಸಾರು ಮಾಡಬೇಕಿಲ್ಲ. ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರವನ್ನು ತಪ್ಪದೆ ಹಾಕುವುದು, ಹೊರಗಿನ ಗಾಳಿ ಚೆನ್ನಾಗಿದ್ದಾಗ ಕಿಟಕಿ ತೆರೆಯುವುದು, ಕಾಡಿನ ಹೊಗೆಯ ದಿನ ಮುಚ್ಚಿ ಗಾಳಿಸೋಸುಕ ಬಳಸುವುದು, ಇಷ್ಟು ಸಾಕು. ಚಳಿಗಾಲದಲ್ಲಿ ಬೆಂಕಿ ಹಾಕುವ ಹಬ್ಬವಿದ್ದರೆ ಆ ದಿನ ಎಚ್ಚರಿಕೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮಕ್ಕಳಿಗೊಂದು ಕೆಲಸ

ಮಕ್ಕಳೇ, ಈ ವರ್ಷ ನೀವೇ ಒಂದು ಅಂಕಪಟ್ಟಿ ತಯಾರಿಸಿ. ನಿಮ್ಮ ಮನೆಗೆ ಹತ್ತಿರದ ಸರ್ಕಾರಿ ಅಳತೆಯ ಕೇಂದ್ರ ಯಾವುದೆಂದು ಹುಡುಕಿ. ಸ್ಯಾನ್ ಹೋಸೆಯವರಿಗೆ ಜ್ಯಾಕ್ಸನ್ ಬೀದಿಯಲ್ಲಿ ಒಂದಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರತಿ ಶನಿವಾರ ಅಲ್ಲಿನ ಪಿ.ಎಂ. 2.5 ಮೈಕ್ರೋಗ್ರಾಂ ಅಂಕಿಯನ್ನು ಬರೆದಿಡಿ. ಪಕ್ಕದಲ್ಲಿ ಮಳೆ ಬಂತೇ, ಗಾಳಿ ಬೀಸಿತೇ, ಎಚ್ಚರಿಕೆ ಇತ್ತೇ ಎಂದು ಬರೆಯಿರಿ. ಇನ್ನೊಂದು ಸಾಲಿನಲ್ಲಿ ವೆಸ್ಟ್ ಓಕ್ಲೆಂಡಿನ ಅಂಕಿ, ಮತ್ತೊಂದರಲ್ಲಿ ನಿಮ್ಮ ಅಜ್ಜಿಯ ಊರಿನ ಅಥವಾ ಅದಕ್ಕೆ ಹತ್ತಿರದ ನಗರದ ಅಂಕಿ ಇರಲಿ. ಮನೆಗಳಲ್ಲಿ ಜನರೇ ಇಟ್ಟುಕೊಂಡ ಪರ್ಪಲ್ ಏರ್‌ನಂಥ ಸಣ್ಣ ಯಂತ್ರಗಳ ಅಂಕಿ ಬಳಸುವುದಾದರೆ, ಅವು ಹೊಗೆಯನ್ನು ಹೆಚ್ಚಾಗಿ ತೋರಿಸುವುದುಂಟು ಎಂಬುದು ನೆನಪಿರಲಿ. ಇ.ಪಿ.ಎ.ಯ ಬೆಂಕಿ-ಹೊಗೆ ನಕ್ಷೆಯಲ್ಲಿ ಅದನ್ನು ತಿದ್ದಿ ತೋರಿಸುತ್ತಾರೆ.

ಪೋಷಕರಲ್ಲಿ ಒಂದು ವಿನಂತಿ. ಏರ್ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಯಾರು ಬೇಕಾದರೂ ಅಲ್ಲಿ ಮಾತನಾಡಬಹುದು, ಮಕ್ಕಳೂ ಸಹ. ಮುಂದಿನ ಸಲ ಯಾವುದಾದರೂ ಅಧಿಕಾರಿ ಎಷ್ಟು ನಿಯಮ ಮಾಡಿದೆವು, ಎಷ್ಟು ಕೋಟಿ ಖರ್ಚು ಮಾಡಿದೆವು ಎಂದು ಹೇಳಿದಾಗ ವಿನಯದಿಂದಲೇ ಕೇಳಿ: ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಹೆಚ್ಚು ಧೂಳು ಕುಡಿಯುವ ಬೀದಿಯಲ್ಲಿ ಎಷ್ಟಿದೆ, ಅಳೆದವರು ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಸರ್ಕಾರಕ್ಕೆ ನಾವು ಧಾರಾಳವಾಗಿ ಅಂಕ ಕೊಡೋಣ. ಉಳಿದವರು ಇನ್ನೊಮ್ಮೆ ಓದಿಕೊಂಡು ಬರಲಿ.